ಮುಂದಿನ ಸೀಸನ್ ಬಗ್ಗೆ ತಮ್ಮ ಆಡಬಾರದಿದ್ದ ಮಾತು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದೇ ದೊಡ್ಡ ತಲೆನೋವಾಗಿದೆ. ಮೊದಲು ಸೀಸನ್ನಿನ ಕೊನೆಯ ಪಂದ್ಯದಿಂದ ಶುರು ಮಾಡಿದ್ದೆ. ನಮ್ಮ ಬಾಸ್ಕೆಟ್‌ಬಾಲ್ ತಂಡ ಮೂವತ್ತೊಂದು ಪಾಯಿಂಟುಗಳಿಂದ ಸೋತಿತು, ಆಟ ಮುಗಿಯುವ ಮೊದಲೇ ಜನ ಎದ್ದು ಹೋದರು, ಯಾರದೋ ಟೋಪಿ ಮೆಟ್ಟಿಲ ಮೇಲೆ ಬಿದ್ದಿತ್ತು. ಆ ಟೋಪಿಯ ಬಗ್ಗೆ ಒಂದೂವರೆ ಪುಟ ಬರೆದೆ. ಮಾರನೆಯ ದಿನ ಓದಿದರೆ ಟೋಪಿ ಬಿಟ್ಟು ಅದರಲ್ಲಿ ಬೇರೇನೂ ಇರಲಿಲ್ಲ. ಹರಿದು ಹಾಕಿದೆ.

ಆಮೇಲೆ ಆಸ್ಪತ್ರೆಯ ಕಾರಿಡಾರಿನಿಂದ ಶುರು ಮಾಡಿದೆ. (ಓದುಗರೇ, ಅಂಥ ಕಾರಿಡಾರುಗಳಲ್ಲಿ ಎಷ್ಟು ಕಥೆಗಳ ಜೊತೆ ಅಡ್ಡಾಡಿದ್ದೀರಿ ಎಂದು ನನಗೆ ಗೊತ್ತು. ನಿಮ್ಮ ಕಾಲೂ ಸೋತಿರಬೇಕು.) ಅದನ್ನೂ ಬಿಟ್ಟೆ.

ಉಳಿದದ್ದು ಅಡುಗೆಮನೆ. ಭಾನುವಾರ ಬೆಳಿಗ್ಗೆ ಹತ್ತೂವರೆ. ಒಂದು ಮೇಜು, ಸುತ್ತ ಮೂರು ಜನ. ಇಲ್ಲಿಂದಲೂ ಆಗದಿದ್ದರೆ ನನ್ನಿಂದ ಆಗುವುದಿಲ್ಲ.

೨

ಅಕ್ಕ ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆಂಟು ವರ್ಷ ದೊಡ್ಡ ದೊಡ್ಡ ಕಟ್ಟಡಗಳ ನೆತ್ತಿಯ ಮೇಲೆ, ಮಷೀನು ಕೋಣೆಯಲ್ಲಿ ಕುಳಿತು, ಗ್ರೀಸ್ ಮೆತ್ತಿದ ರೇಡಿಯೋದಲ್ಲಿ ಬಾಸ್ಕೆಟ್‌ಬಾಲ್ ಕಾಮೆಂಟರಿ ಕೇಳಿದವಳು. ತಮ್ಮ ಅವಳಿಗಿಂತ ಮೂರು ವರ್ಷ ಚಿಕ್ಕವನು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ಗಾಜಿನ ಪವರ್ ಕಾಲು ಪಾಯಿಂಟು ಹೆಚ್ಚು ಕಡಿಮೆಯಾದರೂ ಸಹಿಸದ ಆಸಾಮಿ. ಮೂರನೆಯವನು ಕೆಳಗಿನ ಮಹಡಿಯ ಬೇಕರಿಯವನು. ತಂಡ ಹಿಂದಿನ ದಿನ ಗೆದ್ದಿದ್ದರೆ ಕಪ್ ನಮ್ಮದೇ ಎನ್ನುತ್ತಾನೆ, ಸೋತಿದ್ದರೆ ಕೋಚನ್ನು ಒದ್ದು ಓಡಿಸಿ ಎನ್ನುತ್ತಾನೆ. ಪ್ರತಿ ಭಾನುವಾರ ಹಿಂದಿನ ದಿನ ಮಿಕ್ಕ ಬನ್ನು ತರುತ್ತಾನೆ, ಹೆಚ್ಚಿನವನ್ನು ತಾನೇ ತಿನ್ನುತ್ತಾನೆ.

ತಂಡದ ವಿಷಯ ಇಷ್ಟೇ. ಲೀಗಿನಲ್ಲಿ ಹದಿನಾರು ತಂಡಗಳು, ಮೊದಲ ಎಂಟಕ್ಕೆ ಪ್ಲೇಆಫ್, ಅಂದರೆ ಕಪ್ಪಿಗಾಗಿ ಆಡುವ ಅವಕಾಶ. ನಮ್ಮದು ಈ ಸಲ ಹದಿನೇಳು ಪಂದ್ಯ ಗೆದ್ದು ಹದಿನೈದನೆಯದಾಗಿ ಮುಗಿಸಿತು. ಹಳಬರನ್ನೆಲ್ಲ ಕಳಿಸಿ ಎಳೆಯರನ್ನು ತಂದಿದ್ದಾರೆ. ಪತ್ರಿಕೆಗಳು ಇದನ್ನು ರೀಬಿಲ್ಡಿಂಗ್ ಎನ್ನುತ್ತವೆ. (ಆಟದ ಬಗ್ಗೆ ನನಗೆ ತಿಳಿದದ್ದೆಲ್ಲ ಈ ಮೂವರಿಂದಲೇ. ತಪ್ಪಿದ್ದರೆ ಅವರನ್ನು ಕೇಳಿ.)

ಅಕ್ಕ ತಮ್ಮಂದಿರ ನಡುವೆ ಒಂದು ಕಟ್ಟಲೆಯಿದೆ. ಚಿಕ್ಕಂದಿನಲ್ಲಿ ಅಮ್ಮ ಕೆಲಸ ಮುಗಿಸಿ ಬರುವವರೆಗೆ ಮನೆಯಲ್ಲಿ ಅವರಿಬ್ಬರೇ ಇರುತ್ತಿದ್ದ ಕಾಲದ್ದು. ಮಾತು ನಿಂತರೆ ಇಬ್ಬರಿಗೂ ಪುಕಪುಕ. ಅದಕ್ಕೇ ಅಕ್ಕ ಒಂದು ಉಪಾಯ ಮಾಡಿದಳು: “ಮುಂದಿನ ಸೀಸನ್ ನಾವು ಪ್ಲೇಆಫ್‌ಗೆ ಹೋಗ್ತೀವಿ ಅಂತ ನಾನಂತೀನಿ. ನೀನು ಇಲ್ಲ ಅನ್ನು. ಇಬ್ರೂ ಒಂದೇ ಅಂದ್ರೆ ಮಾತು ಮುಗಿದುಹೋಗತ್ತೆ.” ಅಂದಿನಿಂದ ಅವಳದು ಹೌದು, ಅವನದು ಇಲ್ಲ. ತಂಡ ಸತತ ಹದಿನಾಲ್ಕು ಪಂದ್ಯ ಸೋತಾಗಲೂ ಅಕ್ಕ ಹೌದು ಬಿಡಲಿಲ್ಲ. ಎರಡು ಸಲ ತಂಡ ನಿಜವಾಗಿಯೂ ಪ್ಲೇಆಫ್ ತಲುಪಿದಾಗ, ಕೊನೆಯ ಗಂಟೆ ಬಾರಿಸುವವರೆಗೂ ತಮ್ಮ ಇಲ್ಲ ಎಂದೇ ಕುಳಿತಿದ್ದ. ಅಮ್ಮ ತೀರಿಕೊಂಡ ವಾರವೂ ಇಬ್ಬರೂ ತಮ್ಮ ತಮ್ಮ ಕಡೆಯೇ ಇದ್ದು ಗಂಟಲು ಕಟ್ಟುವವರೆಗೆ ಜಗಳವಾಡಿದ್ದರು.

೩

ಈಗ ಹೇಳಲೇಬೇಕಾದ್ದನ್ನು ಹೇಳಿಬಿಡುತ್ತೇನೆ, ಸುತ್ತಿ ಬಳಸುವುದಿಲ್ಲ. ಅಕ್ಕನಿಗೆ ಕಾಯಿಲೆ. ಚಿಕಿತ್ಸೆಯ ಮೊದಲ ಸುತ್ತು ಅವಳ ಕೂದಲು, ಹತ್ತು ಕಿಲೋ ತೂಕ, ಬೆರಳ ತುದಿಯ ಸ್ಪರ್ಶ ಮೂರನ್ನೂ ಒಯ್ದಿತು. ಸ್ಕ್ರೂ ಹಿಡಿದರೆ ಹಿಡಿದದ್ದೇ ಗೊತ್ತಾಗುವುದಿಲ್ಲ. ಮೆಕ್ಯಾನಿಕ್‌ಗೆ ಬೆರಳು ಹೋದರೆ ಉಳಿಯುವುದೇನು? ಎರಡನೇ ಸುತ್ತು ಸೋಮವಾರ ಬೆಳಿಗ್ಗೆ ಎಂಟಕ್ಕೆ.

ಅವಳು ಡಾಕ್ಟರಿಗೆ ಮೊದಲೇ ಹೇಳಿದ್ದಳು: “ವಾಸಿಯಾಗೋದಾದ್ರೆ ತಗೋತೀನಿ. ಸುಮ್ನೆ ಎಳೆದಾಡೋಕಾದ್ರೆ ಬೇಡ. ಯಾವುದು ಅಂತ ನನ್ಹತ್ರ ಹೇಳ್ಬೇಡಿ, ತಮ್ಮನಿಗೆ ಹೇಳಿ. ಅವನು ಸುಳ್ಳು ಹೇಳೋ ಪೈಕಿ ಅಲ್ಲ.”

ಡಾಕ್ಟರು ಗುರುವಾರ ತಮ್ಮನನ್ನು ಕರೆಸಿ ಹೇಳಿದರು. ವಾಸಿಯಾಗುವುದಿಲ್ಲ. ತೆಗೆದುಕೊಂಡರೆ ಒಂದು ವರ್ಷ, ಹೆಚ್ಚೆಂದರೆ ಒಂದೂವರೆ. ಬಿಟ್ಟರೆ ನಾಲ್ಕೈದು ತಿಂಗಳು. ಹೊಸ ಸೀಸನ್ ಶುರುವಾಗುವುದಕ್ಕೆ ಆರು ತಿಂಗಳಿತ್ತು. ಅವನು ಬಸ್ಸಿನಲ್ಲಿ ಬೆರಳು ಮಡಚಿ ಎರಡು ಸಲ ಎಣಿಸಿದ.

ಮನೆಗೆ ಬಂದು, ಜೀವಮಾನದಲ್ಲಿ ಮೊದಲ ಸಲ ಅಕ್ಕನ ಮುಖ ನೋಡಿ ಸುಳ್ಳು ಹೇಳಿದ. “ವಾಸಿಯಾಗತ್ತಂತೆ. ತಗೋ.” ರೆಪ್ಪೆ ಮಿಟುಕಿಸಲಿಲ್ಲ. ಅವಳು ನಂಬಿದಳು. ಸೋಮವಾರಕ್ಕೆಂದು ಬ್ಯಾಗಿನಲ್ಲಿ ಎರಡು ಜೊತೆ ದಪ್ಪ ಕಾಲುಚೀಲ ಇಟ್ಟುಕೊಂಡಳು.

ಅಲ್ಲಿಗೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು, ಪುಣ್ಯಾತ್ಮ.

೫

(ನಾಲ್ಕು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಮಳೆ ಬಂದಿತ್ತು. ಅಳಲು ನನಗೆ ಮಳೆಯ ನೆರವು ಬೇಕಾಗಿಲ್ಲ ಎಂದು ತೆಗೆದುಬಿಟ್ಟೆ.)

ಭಾನುವಾರ ಬೇಕರಿಯವನು ಬನ್ನಿನ ಪೊಟ್ಟಣ ಬಿಚ್ಚುತ್ತಲೇ ಶುರು ಹಚ್ಚಿಕೊಂಡ.

“ಹದಿನೇಳು ಗೆಲುವು! ನಮ್ಮ ಒಲೆ ಮುಂದೆ ನಿಲ್ಲಿಸಿದ್ರೂ ಬಿಸಿಯಾಗಲ್ಲ ಈ ನನ್ಮಕ್ಳು. ಮುಂದಿನ ಸಲ ಹದಿನಾರನೇ ಜಾಗ ಗ್ಯಾರಂಟಿ.”

“ಬಾಯಿ ಮುಚ್ಚು,” ಎಂದಳು ಅಕ್ಕ. “ಏಣಿ ಇದಾನೆ.” ಏಣಿ ಎಂದರೆ ತಂಡದ ಹೊಸ ಆಟಗಾರ, ಏಳಡಿ ಎತ್ತರ. “ಪ್ಲೇಆಫ್‌ಗೆ ಹೋಗೇ ಹೋಗ್ತೀವಿ.” ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಹಿಡಿದಿದ್ದೇನೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ತಮ್ಮನ ಕಡೆ ತಿರುಗಿದಳು. ಅವಳ ಮುಖದಲ್ಲಿ ಆಗಲೇ ಜಗಳದ ಹುಮ್ಮಸ್ಸು. “ಏನೋ? ನೀನು ಹೇಳು.”

ತಮ್ಮ ಆ ಲೋಟವನ್ನೇ ನೋಡುತ್ತಿದ್ದ. ಅವಳಿಗೆ ಏನಾದರೂ ಕೊಡಬೇಕೆನಿಸಿತು. ಕೊಡಲು ಬೇರೇನೂ ಕೈಯಲ್ಲಿರಲಿಲ್ಲ.

“ಹೌದಕ್ಕ. ಹೋಗ್ತೀವಿ.”

ಬೇಕರಿಯವನು ಅಗಿಯುವುದನ್ನು ನಿಲ್ಲಿಸಿದ.

“ಖಂಡಿತ ಹೋಗ್ತೀವಿ. ಏಣಿ ಇದಾನಲ್ಲ. ಹೊಸ ಕೋಚ್ ಬರ್ತಾರೆ. ನೀನೇ ನೋಡ್ತೀಯಂತೆ.”

ಅಕ್ಕ ಲೋಟವನ್ನು ಮೇಜಿನ ಮೇಲಿಟ್ಟಳು. ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಮೂವತ್ತೇಳು ವರ್ಷ ಇಲ್ಲ ಎನ್ನುತ್ತ ಬಂದ ಮುಖ ಅದು.

“ಅಷ್ಟು ಕೆಟ್ಟದಾಗಿದ್ಯೇನೋ?” ಎಂದು ಕೇಳಿದಳು.

೬

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ತಮ್ಮನನ್ನು ಪಕ್ಕಕ್ಕೆ ಕರೆದು ತರಾಟೆಗೆ ತೆಗೆದುಕೊಂಡೆ.

“ನಿನ್ನ ಬಾಯಿಗೆ ‘ಇಲ್ಲ’ ಅಂತ ತಾನೇ ಬರೆದಿದ್ದೆ? ದೊಡ್ಡ ಸುಳ್ಳು ಅಷ್ಟು ಚೆನ್ನಾಗಿ ಹೇಳ್ದೋನು ಇಲ್ಲಿ ಯಾಕೆ ಎಡವಿದೆ?”

“ಸುಳ್ಳು ಹೇಳಿದ್ದಲ್ಲ,” ಎಂದ ಅವನು. “ಪ್ರೀತಿಗೆ ಅಂದಿದ್ದು. ಅದು ಬೇರೆ ಅನ್ಕೊಂಡಿದ್ದೆ.”

ಆದರೂ ಕಥೆಗಾರರಿಗೆ ಹಟ ಜಾಸ್ತಿ. ಬೇರೆ ದಾರಿಗಳನ್ನು ಹುಡುಕಿದೆ.

ಅಂತ್ಯ ಒಂದು. ತಮ್ಮ ಎಂದಿನಂತೆ “ಇಲ್ಲ” ಎನ್ನುತ್ತಾನೆ. ಅಕ್ಕ ಬನ್ನು ತೆಗೆದು ಅವನ ಮೇಲೆ ಎಸೆಯುತ್ತಾಳೆ. ಸೋಮವಾರ ಎಂಟಕ್ಕೆ ಆಸ್ಪತ್ರೆಗೆ ಹೋಗುತ್ತಾಳೆ. ಇದು ನನಗೆ ಬಹಳ ಇಷ್ಟ. ಆದರೆ ತಮ್ಮ ಆ ಸಾಲಿಗೆ ವಾಪಸು ಹೋಗಲು ಒಪ್ಪುತ್ತಿಲ್ಲ. “ಅವಳು ಆಗಲೇ ಕೇಳಿಸ್ಕೊಂಡಾಯ್ತು,” ಎನ್ನುತ್ತಾನೆ. ನೀವೂ ಕೇಳಿಸಿಕೊಂಡಿದ್ದೀರಿ, ಅದೇ ತೊಂದರೆ.

ಅಂತ್ಯ ಎರಡು. ಬೇಕರಿಯವನು ನಗೆಚಾಟಿಕೆ ಮಾಡಿ ಮಾತು ಮರೆಸುತ್ತಾನೆ. ಅವನಿಗೆ ಮೂರು ಒಳ್ಳೊಳ್ಳೆ ಸಾಲು ಬರೆದುಕೊಟ್ಟೆ. ಅವನು ಒಂದನ್ನೂ ಹೇಳದೆ, “ಒಲೆ ನೋಡ್ಬೇಕು,” ಎಂದು ಮೆಟ್ಟಿಲಿಳಿದು ಹೋಗಿಬಿಟ್ಟ. ಭಾನುವಾರ ಅವನು ಒಲೆ ಹೊತ್ತಿಸುವುದೇ ಇಲ್ಲ.

ಅಂತ್ಯ ಮೂರು. ಒಂದು ವರ್ಷದ ನಂತರ. ತಂಡ ಎಂಟನೆಯದಾಗಿ ಪ್ಲೇಆಫ್ ತಲುಪಿದೆ. ಸ್ಟ್ಯಾಂಡಿನಲ್ಲಿ ಅಕ್ಕ, ತಲೆ ತುಂಬ ಕೂದಲು. ಏಣಿ ಕೊನೇ ಕ್ಷಣದಲ್ಲಿ ಎರಡು ಫ್ರೀ ಥ್ರೋ ಎಸೆದು ಎರಡನ್ನೂ ಹಾಕುತ್ತಾನೆ. ಇದನ್ನು ಅಕ್ಕನಿಗೆ ಓದಿ ತೋರಿಸಿದೆ.

“ಏಣಿ ಎರಡೂ ಹಾಕಿದ್ನಾ?” ಎಂದಳು. “ಎದುರಿಗೆ ಯಾರೂ ಅಡ್ಡ ಇಲ್ದಿದ್ರೂ ಹತ್ತಕ್ಕೆ ಐದು ತಪ್ಪಿಸ್ತಾನೆ ಅವನು. ಬರೆಯೋರು ನೀವು, ಒಸಿ ನಾಚಿಕೆ ಇರ್ಬೇಕು.”

ಹರಿದು ಹಾಕಿದೆ. ಹರಿಯುವ ಮೊದಲು ಇನ್ನೊಂದು ಸಲ ಓದಿದೆ.

೭

ಹಾಗಾಗಿ ಮತ್ತೆ ಅಡುಗೆಮನೆ. ಈಗ ಇಬ್ಬರೇ.

ತಮ್ಮ ಅಳುತ್ತಿದ್ದ, ಕನ್ನಡಕ ತೆಗೆದಿಟ್ಟು, ಚಿಕ್ಕವರ ಹಾಗೆ ಮುಂಗೈಯಲ್ಲಿ ಮುಖ ಒರೆಸಿಕೊಳ್ಳುತ್ತ. “ತಪ್ಪಾಯ್ತಕ್ಕ. ನಾನು ಇಲ್ಲ ಅಂತೀನಿ. ನೀನು ಹೌದು ಅನ್ನು.”

“ಅದೆಲ್ಲ ಆಗಲ್ಲ,” ಎಂದಳು ಅಕ್ಕ. “ನೀನು ಹೌದು ಅಂದಾಯ್ತು. ಇನ್ನು ನಾನು ಇಲ್ಲ ಅನ್ಬೇಕು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು. “ಹೇಳು. ಹೇಗೆ ಹೋಗ್ತೀವಿ ಪ್ಲೇಆಫ್‌ಗೆ?”

“ಬೇಡಕ್ಕ.”

“ಹೇಳೋ.”

ಅವನು ಹೇಳಿದ. ಏಣಿ ಬೇಸಿಗೆಯಲ್ಲಿ ಅಭ್ಯಾಸ ಮಾಡಿದರೆ ಫ್ರೀ ಥ್ರೋ ಸುಧಾರಿಸಬಹುದು. ಅಕ್ಕ ಅದನ್ನು ಒಂದೇ ಏಟಿಗೆ ಹೊಡೆದು ಹಾಕಿದಳು. ಕ್ಯಾಪ್ಟನ್ನನ ಮೊಣಕಾಲು ಸರಿಹೋಗುತ್ತಿದೆಯಂತೆ ಎಂದ. ಮೂರು ಸಲ ಕುಯ್ಯಿಸಿಕೊಂಡ ಮೊಣಕಾಲು ಎಲ್ಲಾದರೂ ಸರಿಹೋಗುತ್ತಾ ಎಂದಳು. ಹೊಸ ಕೋಚ್ ಎಂದ. ಹಳೇ ಕೋಚೂ ಒಂದು ಕಾಲಕ್ಕೆ ಹೊಸಬನೇ ಎಂದಳು. ಇಲ್ಲ ಎನ್ನುವುದರಲ್ಲಿ ಅವಳು ಅವನಿಗಿಂತ ಪಳಗಿದವಳ ಹಾಗಿದ್ದಳು. ಅವನು ಹೌದಿನ ಕಡೆ ಕುಳಿತು ನೋಡಿದರೆ ಅಲ್ಲಿ ಹಿಡಿದುಕೊಳ್ಳಲು ಏನೆಂದರೆ ಏನೂ ಇರಲಿಲ್ಲ.

“ಇಷ್ಟು ವರ್ಷ ಈ ಕಡೆ ಹೇಗಿದ್ಯಕ್ಕ ನೀನು?”

“ಆ ಕಡೆ ನೀನಿದ್ಯಲ್ಲ,” ಎಂದಳು.

೮

ಸೋಮವಾರವನ್ನು ನಾನು ಬರೆಯುವುದಿಲ್ಲ. ಎಂಟು ಗಂಟೆಗೆ ಅವಳು ಕಾಲುಚೀಲದ ಬ್ಯಾಗು ಹಿಡಿದು ಹೊರಟಳೋ, ಬಾಗಿಲು ಹಾಕಿಕೊಂಡು ಮಲಗಿದ್ದಳೋ ಎಂದು ನೀವು ಕೇಳುವಿರಿ. ಕೇಳುವುದು ನ್ಯಾಯವೇ. ಹೇಳಿದರೆ ಕಥೆ ಮುಗಿಯುತ್ತದೆ, ಮುಗಿಸಲು ನನಗೆ ಮನಸ್ಸಿಲ್ಲ. ಇದನ್ನು ಕೌಶಲ ಎಂದುಕೊಳ್ಳಬೇಡಿ, ಹೇಡಿತನ ಎಂದೇ ಕರೆಯಿರಿ.

ಭಾನುವಾರ ಹನ್ನೊಂದೂಮುಕ್ಕಾಲು. ಚಹಾ ಆರಿದೆ. ತಮ್ಮನ ಕಾರಣಗಳೆಲ್ಲ ಖಾಲಿಯಾಗಿ ಎಷ್ಟೋ ಹೊತ್ತಾಗಿದೆ. ಅವನು ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, “ಇನ್ನೂ ಒಂದು ಕಾರಣ ಇದೆ ಅಕ್ಕ,” ಎಂದ.

ಇರಲಿಲ್ಲ.

ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಹೇಳು,” ಎಂದಳು.