ಬಾಗಿಲ ಪಕ್ಕದ ಸ್ಲೇಟು

ಅಂಗಿಯ ಕಾಲರಿನಲ್ಲಿ ಇನ್ನೂ ಡೀಸೆಲ್ ವಾಸನೆ, ಮೂರು ಸಲ ಒಗೆದರೂ ಹೋಗಿಲ್ಲ, ಹೋಗುವುದೂ ಬೇಡ ಎಂದುಕೊಂಡು ಅವಳು ಗಂಡನ ಆ ಅಂಗಿಯನ್ನು ಮತ್ತೆ ಬಿಚ್ಚಿ ಮತ್ತೆ ಮಡಚುತ್ತಾಳೆ, ಮಂಚದ ಆ ತುದಿಯಲ್ಲಿ ಮಗಳು ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಅಪ್ಪನ ಬಗ್ಗೆ ಬರೆಯುತ್ತಿದ್ದಾಳೆ, ನಾಳೆ ತಿಥಿಗೆ ಊರಿನವರೆಲ್ಲ ಸೇರಿದಾಗ ಓದಬೇಕಂತೆ, ಹೇಳಮ್ಮಾ, ಅಪ್ಪ ಎಷ್ಟನೇ ವಯಸ್ಸಿಗೆ ಸ್ಪ್ಯಾನರ್ ಹಿಡಿದಿದ್ದು — ಹದಿನಾಲ್ಕು ಅನ್ನುತ್ತಾಳೆ, ಹದಿಮೂರೋ ಏನೋ, ಕೇಳೋಣವೆಂದರೆ ಅವನಿಲ್ಲ, ಎಂಟು ಹಳ್ಳಿಯ ಟ್ರ್ಯಾಕ್ಟರು, ಪಂಪು, ಹಿಟ್ಟಿನ ಗಿರಣಿ ಎಲ್ಲದರ ಕೆಮ್ಮು ನೆಗಡಿ ಬಲ್ಲವನು, ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಕಿವಿಗೆ ಒತ್ತಿ ಕಣ್ಣು ಮುಚ್ಚಿ ನಿಂತರೆ ಒಳಗೆ ಎಲ್ಲಿ ಸವೆದಿದೆ ಎಂದು ಹೇಳಿಬಿಡುತ್ತಿದ್ದ, ಹೆಂಡತಿ ಊಟಕ್ಕೆ ಹತ್ತು ಸಲ ಕರೆದರೆ ಮಾತ್ರ ಅದೇ ಕಿವಿಗೆ ಕೇಳಿಸುತ್ತಿರಲಿಲ್ಲ, ಅರ್ಧ ಗಂಟೆ, ಬಂದೆ, ಅಷ್ಟೇ ಉತ್ತರ, ಊರಿನವರು ಅವನಿಗೆ ಅರ್ಧಗಂಟೆ ಎಂದೇ ಹೆಸರಿಟ್ಟಿದ್ದರು, ಹೆರಿಗೆಯ ದಿನವೂ ಅರ್ಧ ಗಂಟೆ ಎಂದು ಹೇಳಿ ಕಳಿಸಿ, ಮಗು ಹುಟ್ಟಿ ನಿದ್ದೆಹೋದ ಮೇಲೆ ಬಂದು, ಕೈಯೆಲ್ಲ ಗ್ರೀಸು ಎಂದು ಮಗುವನ್ನು ಮೊಣಕೈಗಳ ಮೇಲೆ ಎತ್ತಿಕೊಂಡಿದ್ದ, ಅದನ್ನೂ ಬರೀಲಾ, ಬರಿ ಬರಿ, ಇಬ್ಬರೂ ನಗುತ್ತಾರೆ, ಅವಳು ಅಂಗಿಯನ್ನು ಮತ್ತೆ ಬಿಚ್ಚುತ್ತಾಳೆ.

ನಾಳೆ ಈ ಫೋಟೋನೇ ಇಡೋಣ, ನಾವು ಮೂವರೂ ಇರೋದು ಇದೊಂದೇ ಅಲ್ವಾ, ಮಗಳು ಗೋಡೆಯ ಕಡೆ ಕೈ ತೋರುತ್ತಾಳೆ, ಹೌದು, ಇದೊಂದೇ, ಫೋಟೋ ತೆಗೆಸಲು ಸ್ಟುಡಿಯೋಗೆ ಮೂರು ಸಲ ಹೊರಟು ಮೂರು ಸಲವೂ ಯಾರದೋ ಗಾಡಿ ಅಡ್ಡ ಬಂದು ತಪ್ಪಿತ್ತು, ನಾಲ್ಕನೆಯ ಸಲ ಅವಳು ಪಟ್ಟು ಹಿಡಿದಿದ್ದಳು, ಮಗಳಿಗೆ ಆಗ ನಾಲ್ಕು ವರ್ಷ, ಜಡೆ ಹಾಕಿ ಕೂರಿಸಿಯಾಗಿತ್ತು, ಅವನು ಹಿತ್ತಲಲ್ಲಿ ಉಗುರಿನ ಕಪ್ಪು ತಿಕ್ಕುತ್ತಿದ್ದ, ಅಷ್ಟರಲ್ಲಿ ಹಾಲಿನ ಗಾಡಿ ಬಂದು ನಿಂತಿತು, ಬಾಗಿಲ ಪಕ್ಕದಲ್ಲೊಂದು ಸ್ಲೇಟು, ಬಂದವರ ಗಾಡಿಯ ದೂರು ಕೇಳಿ ಅದರಲ್ಲಿ ಬರೆಯುವುದು ಅವಳ ಕೆಲಸ, ಓದಿ ಅಪಾಯ ಅನ್ನಿಸಿದರೆ ಅವನು ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದ, ಇಲ್ಲದಿದ್ದರೆ ಸರದಿಯ ಪ್ರಕಾರ, ಎಂಟು ಹಳ್ಳಿಗೂ ಅದೇ ನಂಬಿಕೆ, ಹೇಳಿದ ಮೇಲೂ ಅರ್ಧಗಂಟೆ ಅಣ್ಣ ಬರಲಿಲ್ಲವೆಂದರೆ ಗಾಡಿಗೆ ಏನೂ ಆಗಿಲ್ಲ, ಧೈರ್ಯವಾಗಿ ಓಡಿಸಬಹುದು, ಡ್ರೈವರ್ ಕಿಟಕಿಯಿಂದಲೇ ಕೂಗಿ ಹೇಳಿದ, ಅಕ್ಕಾ, ಬ್ರೇಕು ಯಾಕೋ ತುಳಿದ್ರೆ ಒಳಗೊಳಗೇ ಹೋಗ್ತಿದೆ, ಅಣ್ಣಂಗೆ ಹೇಳಿ, ಮಧ್ಯಾಹ್ನದವರೆಗೂ ಡೈರಿ ಹತ್ರಾನೇ ನಿಲ್ಸಿರ್ತೀನಿ, ಬರ್ಲಿಲ್ಲಾಂದ್ರೆ ಏನಿಲ್ಲ ಅಂದ್ಕೊಂಡು ಇಳಿಜಾರಿಗೆ ಹೊರಟ್ಬಿಡ್ತೀನಿ — ಬರೆದಳು, ಬಳಪ ಇಟ್ಟಳು, ಹಿತ್ತಲಿನಿಂದ ಯಾರೇ ಬಂದಿದ್ದು ಎಂದು ಅವನು ಕೇಳಿದ, ಯಾರೂ ಇಲ್ಲ, ದಾರಿ ಕೇಳೋಕೆ ಯಾರೋ, ಅವಳ ಒದ್ದೆ ಅಂಗೈ ಆಗಲೇ ಸ್ಲೇಟಿನ ಮೇಲಿತ್ತು, ಒಂದು ದಿನ, ಒಂದೇ ಒಂದು ದಿನ ನಮ್ಮವನಾಗಿರಲಿ, ಅಷ್ಟು ಆಸೆಪಟ್ಟದ್ದು ತಪ್ಪೇ, ಫೋಟೋದಲ್ಲಿ ಅವನು ನಗುತ್ತಿದ್ದಾನೆ, ಉಗುರೆಲ್ಲ ಬೆಳ್ಳಗಿವೆ.

ಅಂದು ಸಂಜೆ ಇಳಿಜಾರಿನ ಕೊನೆಯ ತಿರುವಿನಲ್ಲಿ ಹಾಲಿನ ಗಾಡಿ ಉರುಳಿಬಿದ್ದು ಸಿಕ್ಕಿತು, ಡ್ರೈವರ್ ಉಳಿಯಲಿಲ್ಲ, ರಸ್ತೆಯುದ್ದಕ್ಕೂ ಹಾಲು ಎಂದು ಜನ ಹೇಳಿದರು, ಗಂಡ ಎಲ್ಲರೆದುರು ನಿಂತು ಹೋದ ವಾರ ಈ ಬ್ರೇಕು ಕಟ್ಟಿದ್ದು ನಾನೇ, ನನ್ನ ಕೈಯಲ್ಲೇ ತಪ್ಪಾಗಿದೆ ಅಂದುಬಿಟ್ಟ, ಯಾರೂ ಅವನನ್ನು ಕೇಳಿರಲಿಲ್ಲ, ಆ ಮೇಲೆ ಇಪ್ಪತ್ತೆರಡು ವರ್ಷ ಒಂದು ಬ್ರೇಕನ್ನೂ ಮುಟ್ಟಲಿಲ್ಲ, ಊಟದ ಮಧ್ಯೆ ಎದ್ದುಹೋಗಿ ಆಗಲೇ ಬಿಗಿದ ನಟ್ಟನ್ನು ಮತ್ತೆ ಬಿಗಿದು ಬರುತ್ತಿದ್ದ, ಬಿಗಿದಿದ್ದೀನಿ ತಾನೇ, ನೀನೂ ನೋಡಿದೆಯಲ್ಲ, ಎಂದು ಅವಳನ್ನೇ ಕೇಳುತ್ತಿದ್ದ, ಅವಳನ್ನೇ, ಹೂಂ ನೋಡಿದೆ, ಊಟ ಮಾಡಿ — ಒಂದು ಮಾತು ಹೇಳಿದ್ದರೆ ಅವನ ಕೈ ಅವನಿಗೆ ವಾಪಸು ಸಿಗುತ್ತಿತ್ತು, ಹೇಳಿದ್ದರೆ ಅವನು ತನ್ನನ್ನು ಹೇಗೆ ನೋಡುತ್ತಿದ್ದನೋ ಎಂಬ ಹೆದರಿಕೆ, ಇವತ್ತು ನಾಳೆ ಎನ್ನುತ್ತ ಅವನೇ ಹೋಗಿಬಿಟ್ಟ, ಪಾಪಿ ನಾನು, ಮಗಳು ಕಾಗದ ಎತ್ತಿ ಓದುತ್ತಾಳೆ, ಕೇಳಮ್ಮಾ, ಕೊನೇ ಸಾಲು ಹೀಗೆ ಬರೆದಿದ್ದೀನಿ, ತನ್ನ ಕೈಯಿಂದಾದ ತಪ್ಪನ್ನು ಊರಿನ ಮುಂದೆ ಒಪ್ಪಿಕೊಂಡ ಮನುಷ್ಯ ನಮ್ಮಪ್ಪ, ಚೆನ್ನಾಗಿದೆಯಾ, ನಾಳೆ ಆ ಡ್ರೈವರ್ ಹೆಂಡ್ತೀನೂ ಬರ್ತಾರೆ — ಬೇಡ, ಅದನ್ನ ಬರೀಬೇಡ, ಅವಳ ದನಿ ಅವಳಿಗೇ ಜೋರಾಗಿ ಕೇಳಿಸುತ್ತದೆ, ಯಾಕಮ್ಮಾ, ಯಾಕೆಂದರೆ, ಗಡಿಬಿಡಿಯಲ್ಲಿ ಒರೆಸಿದೆ, ಹೇಳಲು ಮರೆತೆ ಅನ್ನಬಹುದು, ಇಷ್ಟು ವರ್ಷ ಮನಸ್ಸಿಗೆ ಹಾಗೇ ಹೇಳಿಕೊಂಡು ಬಂದದ್ದು, ಆದರೆ ಅಂದು ಹೊರಡುವಾಗ ಚಪ್ಪಲಿ ಮೆಟ್ಟಲು ಬಾಗಿಲಿಗೆ ಬಂದಾಗ ಸ್ಲೇಟು ಒಣಗಿತ್ತು, ಸರಿಯಾಗಿ ಒರೆಸದ ಅಕ್ಷರಗಳು ಬೆಳ್ಳಗೆ ಮತ್ತೆ ಏಳುತ್ತಿದ್ದವು, ಹಾಲಿನ ಗಾಡಿ, ಬ್ರೇಕು, ಅವಳದೇ ದುಂಡು ಅಕ್ಷರ, ಓದಿದಳು, ಪೂರ್ತಿ ಓದಿದಳು, ಹಿಂದಿನಿಂದ ಅವನ ಹೆಜ್ಜೆ ಸದ್ದು, ಮಗಳ ನಗು, ಆಗ ಅಂಗೈಗೆ ಉಗುಳು ಹಚ್ಚಿ ಎರಡನೇ ಸಲ — ಯಾಕಮ್ಮಾ, ಹೇಳು — ಎರಡನೇ ಸಲ, ಬೆಳ್ಳಗೆ ಏಳುತ್ತಿದ್ದ ಅಕ್ಷರದ ಮೇಲೆ ಅಂಗೈ, ಅಂಗೈ