ಪಿಳ್ಳಮ್ಮನ ಹಿತ್ತಲು

ಶ್ಯಾಮಣ್ಣಂಗೆ ಅರಳುಮರಳು ಅಂತ ಊರಿನ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದು ಯಾವನಯ್ಯಾ? ಬೆಳಿಗ್ಗೆ ತಿಂದ ತಿಂಡಿ ಮರೀಬೋದು, ವರ್ತೂರು ಮರೆಯಲ್ಲ ನಾನು. ಕೆರೆ ಏರಿ ಹತ್ರ ಪಿಳ್ಳಮ್ಮನ ಹೆಂಚಿನ ಮನೆ ಉಳಿದಿದ್ದು ಯಾವನ ಅರ್ಜಿಯಿಂದಲೂ ಅಲ್ಲ. ನಾನು ಅಲ್ಲೇ ಇದ್ದೆ. ಬಾಯ್ಮುಚ್ಕೊಂಡು ಕೇಳಿ.

ಪಿಳ್ಳಮ್ಮ ಸೂಲಗಿತ್ತಿ. ಚಿಕ್ಕ ವಯಸ್ಸಲ್ಲೇ ಗಂಡ ಹೋದ. ಒಬ್ಳೇ ರಾಗಿ ಬೆಳೆದು ಮನೆ ಕಟ್ಟಿಸ್ದಾಗ ದೇವ್ರಮನೆ ಚಿಕ್ಕದು ಮಾಡಿ ಬಾಣಂತಿ ಕೋಣೆ ದೊಡ್ಡದು ಮಾಡಿಸಿದ್ಲು. 'ದೇವ್ರಿಗೆ ಕಾಲು ಚಾಚೋ ಕೆಲ್ಸ ಇಲ್ಲ' ಅಂದ್ಲು. ಪಟೇಲರ ಸೊಸೆ ಹೆತ್ತಿದ್ದೂ ಅಲ್ಲೇ, ಕೂಲಿಯೋಳು ಹೆತ್ತಿದ್ದೂ ಅಲ್ಲೇ, ಅದೇ ಚಾಪೆ ಮೇಲೆ. ಯಾರಾದ್ರೂ ಕಿರುಚಿದ್ರೆ, 'ನೀನ್ಯಾಕೆ ಅಳ್ತೀಯೇ? ಅಳೋಕೆ ಅಂತ್ಲೇ ಒಬ್ಬ ಬತ್ತಾವ್ನೆ' ಅನ್ನೋಳು. ಹೆರಿಗೆ ಆದ್ಮೇಲೆ ಮಗೂನ ಹೊಕ್ಕಳಬಳ್ಳಿ ಹಿತ್ತಲಲ್ಲಿ ಹೂತು, ನಾಯಿ ಕೆದಕದ ಹಾಗೆ ಕಲ್ಲು ಮುಚ್ಚೋಳು. ಅದನ್ನ ಅಗೆದ್ರೆ ಹುಟ್ಟಿದೋನಿಗೆ ಹೊಟ್ಟೆನೋವು ಬರತ್ತೆ ಅಂತ ನಮ್ಮ ಕಡೆ ನಂಬ್ಕೆ. ಅರ್ಧ ಊರು ಆ ಹಿತ್ತಲಲ್ಲೇ ಇದೆ.

ಅವಳು ಸತ್ಮೇಲೆ ಮನೆ ಮೊಮ್ಮಗ ಶಶಿಕುಮಾರಂಗೆ ಬಂತು. ಹೋದ ವರ್ಷ ಅದನ್ನ ಬೀಳಿಸಿ ಪಿ.ಜಿ. ಕಟ್ತೀನಿ ಅಂತ ಜೆಸಿಬಿ ತಂದ. ಮೊದ್ಲು ಹಿತ್ತಲಲ್ಲಿ ಪಾಯ ತೆಗೀಬೇಕಂತೆ. ಪಿಳ್ಳಮ್ಮನ ಕೈಲೇ ಹುಟ್ಟಿದ್ದ ಹನುಮಯ್ಯ ಓಡ್ಬಂದ.

'ಲೇ, ಬಾವಿ ಪಕ್ಕ ನಂದೈತೆ ಕಣೋ!'

'ಸರಿ ಮಾವ, ಬಾವಿ ಕಡೆ ಬಿಡ್ತೀನಿ.'

ಪಾಪಯ್ಯ ಬಂದ. 'ಒಗೆಯೋ ಕಲ್ಲತ್ರ ನಂದು, ನಮ್ಮಣ್ಣಂದು.'

ನಂದು ಹಲಸಿನ ಮರದ ಬುಡ. ಹೂತಿದ್ದು ನಂಗೆ ಚೆನ್ನಾಗಿ ಜ್ಞಾಪಕ ಇದೆ. ಹಿಂದೇನೇ ಹೆಂಗಸ್ರು, ಮಕ್ಳು ಎಲ್ಲಾ ಬಂದ್ರು. ಒಬ್ಬೊಬ್ರು ಒಂದೊಂದು ಕಡೆ ಬೆರಳು ತೋರಿಸಿದ್ರು.

'ಹಂಗಾದ್ರೆ ನಾನೆಲ್ಲಿ ಅಗೀಲಿ?' ಅಂತ ಶಶಿ ತಲೆ ಚಚ್ಕೊಂಡ.

ಅವನ ತಾಯಿ ಜ್ಯೋತಿಲಕ್ಷ್ಮಿ ಕುರ್ಚಿ ತಂದು ಜೆಸಿಬಿ ಹಲ್ಲಿನ ಕೆಳಗೇ ಹಾಕ್ಕೊಂಡು ಕೂತ್ಲು. 'ಇಲ್ಲಿ ಅಗಿಯಪ್ಪಾ. ಇದು ನಿಂದೇ.'

ಶಶಿ ಹೊಟ್ಟೆ ಹಿಡ್ಕೊಂಡ. ಬೆಳಗಿನ ಜಾವ ಹೊಸಕೋಟೆಗೆ ಹೋಗಿ ಬಿರಿಯಾನಿ ತಿಂದು ಬಂದಿದ್ದ, ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ಜೆಸಿಬಿ ವಾಪಸ್ ಹೋಯ್ತು.

ಈಗ ಆ ಹಿತ್ತಲನ್ನ ಅಪಾರ್ಟ್‌ಮೆಂಟಿನೋರ ಕಾರು ನಿಲ್ಸೋಕೆ ಬಾಡಿಗೆಗೆ ಬಿಟ್ಟಿದಾನೆ. ನನ್ನ ಮೇಲೆ ಒಂದು ಬಿಳಿ ಕಾರು ನಿಲ್ಲತ್ತೆ. ಪರವಾಗಿಲ್ಲ, ನೋವೇನಿಲ್ಲ. ಆದ್ರೆ ಮೊನ್ನೆ ಯಾವನೋ ಬಿಲ್ಡರು ಬಂದು ಶಶಿ ಜೊತೆ ನಿಂತ್ಕೊಂಡು ಟೇಪಲ್ಲಿ ಅಳೀತಿದ್ದ. ಅದಕ್ಕೇ ಹೇಳ್ತಿರೋದು. ಪಿಳ್ಳಮ್ಮನ ಕೈಲಿ ಹುಟ್ಟಿದೋರು ಎಲ್ಲೆಲ್ಲಿದಾರೋ, ಎಲ್ರಿಗೂ ಇದನ್ನ ಕಳಿಸಿ. ಜಾಗ ಜ್ಞಾಪಕ ಇಲ್ದಿದ್ರೂ ಚಿಂತೆಯಿಲ್ಲ, ಬಂದು ಒಂದ್ಸಲ ಬೆರಳು ತೋರಿಸಿ ಹೋಗ್ಲಿ.