ಒಳಗಿನ ಚೀಲ, ಹೊರಗಿನ ಚೀಲ

"ದೊಡ್ಡ ಕರುಳು ತೆಗೀಲೇಬೇಕು, ಅದರಲ್ಲಿ ಎರಡು ಮಾತಿಲ್ಲ," ಎನ್ನುತ್ತ ಡಾಕ್ಟರು ಕಾಗದದ ಮೇಲೆ ಎರಡು ಹೊಟ್ಟೆಗಳನ್ನು ಬರೆದರು. "ಆಮೇಲಿಂದು ನಿಮಗೆ ಬಿಟ್ಟಿದ್ದು. ಸಣ್ಣ ಕರುಳಿನ ತುದೀನ ಮಡಿಚಿ, ಒಳಗೇ ಚೀಲದ ಥರ ಹೊಲಿದು ಕೆಳಗೆ ಜೋಡಿಸಬಹುದು. ಎರಡು ಆಪರೇಷನ್ನು. ಕಕ್ಕಸಿಗೆ ಮೊದಲಿನ ಹಾಗೇ ಹೋಗ್ತೀರಿ, ಆದ್ರೆ ದಿನಕ್ಕೆ ಐದಾರು ಸಲ. ಆಗಾಗ ಚೀಲಕ್ಕೆ ಊತ ಬರಬಹುದು. ಬೇಡಾಂದ್ರೆ ಹೊಟ್ಟೆ ಮೇಲೆ ಹೊರಗಿನ ಚೀಲ, ಮಲ ಅದರಲ್ಲೇ ಬೀಳುತ್ತೆ. ಒಂದೇ ಆಪರೇಷನ್ನು, ಆದ್ರೆ ಜೀವನಪೂರ್ತಿ ಇರುತ್ತೆ."

ತಂಗಿ ಬಸ್ ಕಂಡಕ್ಟರು. ಎರಡು ವರ್ಷದಿಂದ ಕರುಳಿನ ಹುಣ್ಣು, ರಕ್ತ, ಮಾತ್ರೆ. ಪಕ್ಕದ ಕುರ್ಚಿಯಲ್ಲಿದ್ದ ಅಕ್ಕನಿಗೂ ಅದೇ ಕಾಯಿಲೆ ಬಂದಿತ್ತು. ನಾಲ್ಕು ವರ್ಷದ ಹಿಂದೆ ಕರುಳು ಒಡೆದು, ಪ್ರಜ್ಞೆ ಬರುವಷ್ಟರಲ್ಲಿ ಅವಳ ಹೊಟ್ಟೆಗೆ ಚೀಲ ಅಂಟಿಕೊಂಡಿತ್ತು. ಒಳಗಿನ ಚೀಲ ಆಗುತ್ತದೆಯೇ ಎಂದು ಆಮೇಲೆ ಕೇಳಿದ್ದಳು. ಹೆರಿಗೆಯಲ್ಲಿ ಹರಿದ ಗುದದ ಸ್ನಾಯು ಮಲ ತಡೆಯುವುದಿಲ್ಲ ಎಂದಿದ್ದರು. ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟವಳಿಗೆ ತನಗೊಂದು ಒಳಚೀಲ ಹೊಲಿಸಿಕೊಳ್ಳಲಾಗಲಿಲ್ಲ. 'ನಿಮಗೆ ಬಿಟ್ಟಿದ್ದು' ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ತಂಗಿ ಕೇಳಿದಳು, "ನೀನು ಹೇಳಕ್ಕ. ಅನುಭವಿಸಿದೋಳು ನೀನೇ."

"ಹೊರಗಿಂದೇ ಹಾಕಿಸ್ಕೋ. ಐದಾರು ಸಲ ಅಂದ್ರೆ ಬಸ್ಸು ಬಿಟ್ಟು ಎಲ್ಲಿ ಇಳೀತೀಯ?"

ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಹೇಳುವಾಗ ಅಕ್ಕನ ಹೊಟ್ಟೆ ತಣ್ಣಗಾಯಿತು.

ಮೂರನೆಯ ದಿನ ತಂಗಿ ಅಕ್ಕನ ಹೊಲಿಗೆ ಅಂಗಡಿಗೆ ಬಂದಳು. "ನೀನು ಹೇಳಿದ್ದೇ ಸರಿ ಅನ್ಸುತ್ತೆ. ನಾಳೆ ಡಾಕ್ಟರಿಗೆ ಹೇಳ್ತೀನಿ. ಒಂದ್ಸಲ ತೋರಿಸ್ತೀಯಾ?"

ಗಂಡನೂ ಸರಿಯಾಗಿ ನೋಡಿರದಿದ್ದನ್ನು ಅಕ್ಕ ಅಳತೆ ಕೋಣೆಯ ಪರದೆಯ ಹಿಂದೆ ತೋರಿಸಿದಳು. ತಂಗಿ ಮುಖ ತಿರುಗಿಸಲಿಲ್ಲ. ಬಗ್ಗಿ ನೋಡಿದಳು. ಚೀಲದ ಅಂಚನ್ನು ಒಂದು ಬೆರಳಿನಿಂದ ಮುಟ್ಟಿ, "ನೋಯುತ್ತಾ?" ಎಂದಳು.

"ಇಲ್ಲ." ಅಕ್ಕ ಸೆರಗು ಸರಿಮಾಡಿಕೊಂಡಳು. "ನನ್ನ ಮಾತು ಕೇಳ್ಬೇಡ."

"ಯಾಕೆ?"

"ಹೊಟ್ಟೆಕಿಚ್ಚಿಗೆ ಹೇಳಿದ್ದು. ನಿನಗೂ ಇದೇ ಇರಲಿ ಅಂತ."

ಬಗ್ಗಿದ್ದ ತಂಗಿ ನೆಟ್ಟಗೆ ನಿಂತಳು. ಆಮೇಲೆ, "ಇಬ್ಬರ ಕರುಳೂ ಸುಟ್ಟಿದ್ದು ಸಾಲದಾ ಅಕ್ಕ," ಎಂದು ಪರದೆ ಸರಿಸಿ ಹೊರಟುಹೋದಳು.

ತಂಗಿ ಒಳಗಿನ ಚೀಲವನ್ನೇ ಮಾಡಿಸಿಕೊಂಡಳು. ಎಂಟು ತಿಂಗಳು ಅಕ್ಕನ ಜೊತೆ ಹೆಚ್ಚು ಮಾತಿಲ್ಲ. ಬಸ್ಸಿನಿಂದ ಡಿಪೋದ ಟಿಕೆಟ್ ಕೌಂಟರಿಗೆ ಕೆಲಸ ಬದಲಾಯಿಸಿಕೊಂಡಳೆಂದು ಬೇರೆಯವರಿಂದ ತಿಳಿಯಿತು. ಒಂದು ಭಾನುವಾರ ತಾನಾಗಿಯೇ ಮನೆಗೆ ಬಂದಳು. ಮೈ ತುಂಬಿಕೊಂಡಿದ್ದಳು. ಸೊಂಟಕ್ಕೆ ಬಿಗಿಯಾಗಿ ಕೂರುವ ಹೊಸ ಚೂಡಿದಾರ ತೊಟ್ಟಿದ್ದಳು. ಅಕ್ಕನ ಕಣ್ಣು ಹೊಟ್ಟೆಯ ಮೇಲೆ ಎಲ್ಲೂ ಉಬ್ಬದ ಆ ನೇರ ಹೊಲಿಗೆಯಲ್ಲೇ ನಿಂತಿತು.

ಊಟದ ನಡುವೆಯೇ ತಂಗಿ ಎದ್ದು ಕಕ್ಕಸಿಗೆ ಓಡಿದಳು. ಬಂದ ಮೇಲೆ ಇದು ಮೂರನೆಯ ಸಲ. ಅಕ್ಕ ಕೈ ತೊಳೆದು ಬಂದು ಬಾಗಿಲ ಹೊರಗೆ ನಿಂತಳು. ಒಳಗೆ ಬಕೆಟ್ಟಿಗೆ ನೀರು ಬೀಳುವ ಸದ್ದು. ಅವಸರದಲ್ಲಿ ತಂಗಿ ದೀಪ ಹಾಕಿಕೊಳ್ಳುವುದನ್ನು ಮರೆತಿದ್ದಳು.

ಸ್ವಿಚ್ಚು ಹೊರಗಿನ ಗೋಡೆಯಲ್ಲಿತ್ತು. ಅಕ್ಕ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತಿದ್ದು, ಆಮೇಲೆ ಕೈ ಚಾಚಿ ಒತ್ತಿದಳು. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಬಂತು.